ದೇವರ ಸೇವಕರ ಜೀವಿತ

ಬಂಟವಾಳ, ಬೆಳ್ತಂಗಡಿ, ಮೂಡಬಿದರೆಗಳ ಸೀಮೆಯಲ್ಲಿ ಸಂಚರಿಸುವವರಿಗೆ ಬಸದಿ, ದೇವಾಲಯ, ಇಗರ್ಜಿ, ಮಸೀದಿಗಳು ಒಂದರ ಹಿಂದೊಂದು ಕಾಣಸಿಗುತ್ತವೆ. ಇವುಗಳನ್ನು ಯಾರು ಕಟ್ಟಿಸಿದರೆಂದು ಎಲ್ಲರೂ ಕೇಳುತ್ತಾರೆ. ಒಳಗೆ ನಿತ್ಯವೂ ದೀಪ ಹಚ್ಚುವವನು ಏನನ್ನು ಉಂಡು ಬಾಳಿದನೆಂದು ಕೇಳುವವರು ವಿರಳ. ಹಳೆಯ ಶಾಸನಗಳಲ್ಲಿ ‘ಜೀವಿತ’ ಎಂಬ ಮಾತೊಂದುಂಟು. ಸೇವೆ ಸಲ್ಲಿಸುವವನ ಹೊಟ್ಟೆಪಾಡಿಗೆಂದು ಬಿಟ್ಟ ಭೂಮಿ ಅಥವಾ ಉತ್ಪತ್ತಿ ಎಂಬುದು ಅದರ ಅರ್ಥ. ಈ ಜೀವಿತದ ಕಥೆಯನ್ನೇ ನಾವು ಇಂದು ವಿಚಾರಿಸೋಣ.

ಮೂಡಬಿದರೆಯಲ್ಲಿ ಸಾವಿರ ಕಂಬದ ಬಸದಿಯೆಂದು ಪ್ರಸಿದ್ಧವಾದ ತ್ರಿಭುವನ ತಿಲಕ ಚೂಡಾಮಣಿ ಬಸದಿಯು ವಿಜಯನಗರದ ಇಮ್ಮಡಿ ದೇವರಾಯನ ಕಾಲದಲ್ಲಿ, 1430ರ ಸುಮಾರಿಗೆ ನಿರ್ಮಿತವಾಯಿತು. ಬೆಳ್ತಂಗಡಿಯ ಕಡೆಯ ವೇಣೂರಿನಲ್ಲಿ 1604ರಲ್ಲಿ ಅಜಿಲ ವಂಶದ ತಿಮ್ಮಣ್ಣನು ಬಾಹುಬಲಿಯನ್ನು ನಿಲ್ಲಿಸಿದನು. ಅರಸರೂ ಸೆಟ್ಟಿಗಳೂ ಕಲ್ಲಿಗಾಗಿ ಹಣ ಸುರಿದಂತೆಯೇ ನಿತ್ಯಪೂಜೆಗಾಗಿ ಗದ್ದೆಗಳನ್ನೂ ಬಿಟ್ಟರು. ತುಳುನಾಡಿನ ದಾನಗಳಲ್ಲಿ ಇಂತಿಷ್ಟು ಮೂಡೆ ಅಕ್ಕಿ ಎಂಬ ಲೆಕ್ಕವೇ ಮೇಲಿಂದ ಮೇಲೆ ಬರುತ್ತದೆ. ಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಯ ಮೂಡೆಯೇ ಇಲ್ಲಿಯ ಸಂಬಳದ ನಾಣ್ಯವಾಗಿತ್ತು. ದಾನವನ್ನು ಕೆಡಿಸಿದವನಿಗೆ ಘೋರ ಪಾಪವೆಂದು ಶಾಸನದ ಕೊನೆಯಲ್ಲಿ ಶಾಪವನ್ನೂ ಕೆತ್ತಿಸುತ್ತಿದ್ದರು. ಆ ಶಾಪದ ಭಾಷೆ ಕಠೋರವಾದರೂ ಅದರ ಉದ್ದೇಶವು ಒಬ್ಬ ಬಡ ಸೇವಕನ ಅನ್ನವನ್ನು ಕಾಯುವುದಾಗಿತ್ತು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಮೂಡಬಿದರೆಯ ಜೈನಮಠದ ಪೀಠವನ್ನೇರುವ ಚಾರುಕೀರ್ತಿ ಭಟ್ಟಾರಕರು ಸಂಸಾರವನ್ನು ತೊರೆದವರು. ಅವರಿಗೆ ಮಠವೇ ಮನೆ. ಬಸದಿಯಲ್ಲಿ ಪೂಜೆ ಮಾಡುವ ಇಂದ್ರರಾದರೋ ಹೆಂಡತಿ ಮಕ್ಕಳುಳ್ಳ ಗೃಹಸ್ಥರು. ಮಠದ ಕೀರ್ತಿ ಎಷ್ಟೇ ದೊಡ್ಡದಾಗಿರಲಿ, ಒಂಟಿ ಬಸದಿಯ ಇಂದ್ರನ ಮನೆಯ ಒಲೆಯು ಆ ಬಸದಿಯ ಗದ್ದೆಯನ್ನು ನಂಬಿ ಉರಿಯುತ್ತಿತ್ತು.

1799ರಲ್ಲಿ ಟಿಪ್ಪುವಿನ ಪತನಾನಂತರ ಈ ಸೀಮೆಯು ಇಂಗ್ಲಿಷರ ಕಂಪನಿಯ ವಶವಾಯಿತು. ಥಾಮಸ್ ಮನ್ರೋ ಕಲೆಕ್ಟರನಾಗಿ ಬಂದನು. ಸರ್ಕಾರಕ್ಕೆ ಸೇರಿಹೋಗಿದ್ದ ದೇವಾದಾಯಗಳ ಬದಲಿಗೆ ಅನೇಕ ದೇವಸ್ಥಾನಗಳಿಗೆ ವರ್ಷವರ್ಷವೂ ನಗದು ಹಣ ಕೊಡುವ ಪದ್ಧತಿ ನೆಲೆಗೊಂಡಿತು. ಇದಕ್ಕೆ ತಸ್ತೀಕು ಎಂದು ಹೆಸರು. ಕಾಗದದ ಮೇಲೆ ನಷ್ಟವೇನೂ ಕಾಣಲಿಲ್ಲ. ಆದರೆ ಅಕ್ಕಿಯ ಬೆಲೆ ಏರಿತು, ಎಣ್ಣೆಯ ಬೆಲೆ ಏರಿತು; ತಸ್ತೀಕಿನ ರೂಪಾಯಿ ಮಾತ್ರ ನಿಂತಲ್ಲಿಯೇ ನಿಂತಿತು. ಮೂಲಗೇಣಿಗೆ ಕೊಟ್ಟ ಭೂಮಿಗಳಲ್ಲಿ ಗೇಣಿಯನ್ನು ಹಣದಲ್ಲಿ ಗೊತ್ತುಮಾಡಿದ್ದ ಕಡೆಯೂ ಫಲ ಇದೇ. ಯಾವ ರಾಜನೂ ಅಪಹರಿಸದೆ, ಯಾವ ಶಾಪಕ್ಕೂ ಒಳಗಾಗದೆ, ಜೀವಿತವು ತಾನಾಗಿ ಕರಗಿತು.

ಕ್ರೈಸ್ತ ಸಮಾಜದ ಅನುಭವವೂ ಇದಕ್ಕೆ ದೂರವಲ್ಲ. ಇಲ್ಲಿಯ ಕಥೋಲಿಕ ಇಗರ್ಜಿಗಳಿಗೆ ಗೋವೆಯಿಂದ ಪಾದ್ರಿಗಳು ಬರುತ್ತಿದ್ದರು. 1784ರಲ್ಲಿ ಟಿಪ್ಪು ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಇಗರ್ಜಿಗಳು ನೆಲಸಮವಾದವು. ಮೂಡಬಿದರೆಯ ಸಮೀಪದ ಹೊಸ್ಪೇಟೆಯ ಇಗರ್ಜಿಯು ಜೈನ ಅರಸನಾದ ಚೌಟನ ಸ್ನೇಹದಿಂದ ಉಳಿಯಿತೆಂದು ಹೇಳುತ್ತಾರೆ. 1799ರ ಬಳಿಕ ಮರಳಿ ಬಂದವರು ಮನೆ ಮನೆಯ ಕಾಣಿಕೆಯಿಂದ ಇಗರ್ಜಿಗಳನ್ನು ಮತ್ತೆ ಎಬ್ಬಿಸಿದರು. ಪೂಜೆಯ ಕಾಣಿಕೆ, ಮದುವೆ ಮರಣಗಳ ಕಾಣಿಕೆ, ಉಳ್ಳವರು ಬರೆದುಕೊಟ್ಟ ಭೂಮಿ, ಇವು ಪಾದ್ರಿಗಳ ನಿರ್ವಾಹಕ್ಕೆ ಒದಗಿದವು.

ನೇತ್ರಾವತಿಯ ಕೆಳದಂಡೆಯ ಮಂಗಳೂರಿಗೆ 1834ರಲ್ಲಿ ಬಾಸೆಲ್ ಮಿಶನ್ನು ಬಂದಿತು. ಅದರ ಉಪದೇಶಿಗಳೂ ಇಂದ್ರರಂತೆ ಸಂಸಾರಸ್ಥರೇ. ಅವರ ಸಂಬಳದ ಮೂಲವು ಸಮುದ್ರದಾಚೆ ಇತ್ತು. ಸ್ವಿಟ್ಜರ್ಲೆಂಡ್ ಮತ್ತು ಜರ್ಮನಿಯ ಸಾಮಾನ್ಯ ಜನರು ವಾರಕ್ಕೊಂದು ಕಿರುನಾಣ್ಯ ಕೊಡುವ ವಂತಿಗೆಯು 1855ರಲ್ಲಿ ಆರಂಭವಾಯಿತು. ಅಂಥ ಕಾಸುಗಳು ಕೂಡಿ ಮಿಶನ್ನಿನ ಬೊಕ್ಕಸವಾದುವು. 1914ರ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳು ಬಂಧನಕ್ಕೊಳಗಾದರು. ಹೆಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳು ಕೈತಪ್ಪಿ ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟಿಗೆ ಸೇರಿದುವು. ದೂರದ ಒರತೆಯನ್ನು ನಂಬಿದ ಸಭೆಗಳು ತಮ್ಮ ಸೇವಕರನ್ನು ತಾವೇ ಸಾಕುವುದನ್ನು ಕಲಿಯಬೇಕಾಯಿತು. ಕೇರಳದ ಕ್ರೈಸ್ತರಲ್ಲಿ ಇದಕ್ಕೊಂದು ಸರಳ ಉಪಾಯವಿದೆ: ಅಡಿಗೆಗೆ ಅಕ್ಕಿ ಅಳೆಯುವಾಗ ಗೃಹಿಣಿಯು ಒಂದು ಹಿಡಿಯನ್ನು ಬೇರೆಯಾಗಿ ತೆಗೆದಿಡುವುದು. ಇದನ್ನು ಪಿಡಿಯರಿ ಎನ್ನುತ್ತಾರೆ. ಆ ನಾಡಿನಿಂದ ಬಂದು ಬೆಳ್ತಂಗಡಿಯ ಕಾಡಂಚಿನಲ್ಲಿ ನೆಲಸಿದವರಿಗಾಗಿ 1999ರಲ್ಲಿ ಬೆಳ್ತಂಗಡಿಯೇ ಒಂದು ಧರ್ಮಪ್ರಾಂತವಾಯಿತು.

ಭೂಮಿಯನ್ನು ನಂಬಿದವರಿಗೆ ದೊಡ್ಡ ತಿರುವು ಬಂದುದು 1974ರಲ್ಲಿ. ಆ ವರ್ಷ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಪದ್ಧತಿ ಕೊನೆಗೊಂಡಿತು. ಗೇಣಿದಾರರು ಡಿಕ್ಲರೇಶನ್ ಕೊಟ್ಟು ಒಡೆಯರಾದರು. ಧರ್ಮಸಂಸ್ಥೆಗಳಿಗೆ ಭೂಮಿಯ ಬದಲು ವರ್ಷಾಸನವನ್ನು ಕಾನೂನು ವಿಧಿಸಿತು. ಪುನಃ ನಗದು, ಪುನಃ ನಿಂತ ಮೊತ್ತ! ಇದನ್ನು ಅನ್ಯಾಯವೆಂದು ಒಂದೇ ಮಾತಿನಲ್ಲಿ ಹೇಳಲಾಗದು. ದೇವರ ಹೆಸರಿನ ಗದ್ದೆಯಲ್ಲಿ ತಲೆತಲಾಂತರ ಕೆಸರು ತುಳಿದು ಮೂಡೆ ಕಟ್ಟಿಕೊಟ್ಟವನ ಮನೆಯಲ್ಲಿಯೂ ಹಸಿದ ಮಕ್ಕಳಿದ್ದರು. ಶಾಸನವು ದಾನಿಯ ಹೆಸರನ್ನು ಕೆತ್ತಿತು. ಉತ್ತು ಬೆಳೆದವನ ಹೆಸರನ್ನು ಕೆತ್ತಲಿಲ್ಲ. ಅವನ ಋಣವನ್ನು ಕಾನೂನು ತೀರಿಸಿತು. ಆದರೆ ಅರ್ಚಕನ ಹೊರೆಯನ್ನು ಯಾರು ಹೊರಬೇಕೆಂಬ ಪ್ರಶ್ನೆ ಉಳಿಯಿತು.

ಧರ್ಮಸ್ಥಳದಂತಹ ಮಹಾಕ್ಷೇತ್ರಕ್ಕೆ ಈ ಚಿಂತೆಯಿಲ್ಲ. ಅಲ್ಲಿ ಜೈನ ಹೆಗ್ಗಡೆಯವರ ಆಡಳಿತದಲ್ಲಿ ಮಾಧ್ವ ಬ್ರಾಹ್ಮಣರು ಮಂಜುನಾಥನನ್ನು ಪೂಜಿಸುತ್ತಾರೆ. ಯಾತ್ರಿಕರ ಕಾಣಿಕೆಯು ಅನ್ನ, ಔಷಧ, ವಿದ್ಯೆ, ಅಭಯಗಳೆಂಬ ಚತುರ್ವಿಧ ದಾನವಾಗಿ ಹರಿಯುತ್ತದೆ. ಯಾತ್ರಿಕರು ಕಾಲಿಡದ ಹಳ್ಳಿಯ ಬಸದಿಗೆ, ಗುಡ್ಡದ ದೇವಾಲಯಕ್ಕೆ, ಕೆಲವೇ ಮನೆಗಳ ಇಗರ್ಜಿಗೆ ಇಂಥ ಒರತೆಯಿಲ್ಲ.

ಬ್ರಹ್ಮಕಲಶೋತ್ಸವ ಬಂದಿತೆಂದರೆ ತುಳುನಾಡಿನ ಊರುಗಳು ಅಕ್ಕಿ, ತೆಂಗು, ತರಕಾರಿಗಳ ಹೊರೆಕಾಣಿಕೆಯನ್ನು ಮೆರವಣಿಗೆಯಲ್ಲಿ ತರುತ್ತವೆ. ಅನ್ಯಮತದ ನೆರೆಯವರೂ ಕೈಗೂಡಿಸುತ್ತಾರೆ. ಜನರ ಔದಾರ್ಯ ಬತ್ತಿಲ್ಲವೆಂಬುದಕ್ಕೆ ಇದೇ ಸಾಕ್ಷಿ. ಆದರೆ ಔದಾರ್ಯವು ಉತ್ಸವದ ದಿನವನ್ನು ನೆನೆಯುವಷ್ಟು ಮಳೆಗಾಲದ ಒಂದು ಸಾಮಾನ್ಯ ಮಂಗಳವಾರವನ್ನು ನೆನೆಯುವುದಿಲ್ಲ. ಹಳಬರು ದಾನವನ್ನು ಅಕ್ಕಿಯಲ್ಲಿ ಅಳೆದರು; ಏಕೆಂದರೆ ಸೇವಕನು ಉಣ್ಣುವುದು ಅಕ್ಕಿಯನ್ನು. ಭೂಮಿಯ ಆ ಕಾಲ ಮರಳಿ ಬಾರದು, ಬರಬೇಕಾಗಿಯೂ ಇಲ್ಲ. ಆದರೆ ಸಂಬಳವನ್ನು ಗೊತ್ತುಮಾಡುವ ಆಡಳಿತ ಮಂಡಲಿಗಳು, ಅರ್ಚಕನದಾಗಲಿ ಉಪದೇಶಿಯದಾಗಲಿ, ಆ ಮೊತ್ತದಿಂದ ಈ ವರ್ಷ ಎಷ್ಟು ಅಕ್ಕಿ ಬಂದೀತೆಂದು ವರ್ಷಕ್ಕೊಮ್ಮೆಯಾದರೂ ಲೆಕ್ಕ ಹಾಕಬಹುದು. ಅಷ್ಟಾದರೆ, ಶಾಸನದ ಶಾಪವಿಲ್ಲದೆಯೂ ಅದರ ಉದ್ದೇಶ ನೆರವೇರೀತು.