ಅಳುವನ್ನು ಮರೆತ ಕೂಸುಗಳು



ಹಸುಗೂಸುಗಳಿರುವ ಮನೆಯಲ್ಲಿ ಅಳು ಕೇಳಿಸಬೇಕು. ಅದು ಲೋಕದ ರೂಢಿ. ಆದರೆ ಪೂರ್ವ ಯುರೋಪಿನ ಬಡರಾಷ್ಟ್ರವಾಗಿದ್ದ ರುಮೇನಿಯಾದ ಸರ್ಕಾರಿ ಶಿಶುಗೃಹಗಳನ್ನು 1990ರ ಮೇಲೆ ಹೊಕ್ಕು ನೋಡಿದವರಿಗೆ ಸಾಲುಸಾಲು ತೊಟ್ಟಿಲುಗಳ ನಡುವೆ ಎದುರಾದದ್ದು ಮೌನ. ಅತ್ತರೆ ಯಾರೂ ಬರುವುದಿಲ್ಲವೆಂಬುದನ್ನು ಆ ಎಳೆಯ ಜೀವಗಳು ಕಲಿತುಬಿಟ್ಟಿದ್ದವು. ಈ ಮೌನ ಹೇಗೆ ಬಂತೆಂಬುದನ್ನು ನಾವು ತುಸು ವಿಚಾರಿಸಿ ನೋಡಬೇಕಾಗಿದೆ.

ಜನ ಹೆಚ್ಚಿದರೆ ದೇಶದ ಬಲ ಹೆಚ್ಚುವುದೆಂದು ಬಗೆದ ಅಲ್ಲಿನ ಆಳರಸ ಚೌಶೆಸ್ಕು 1966ರಲ್ಲಿ 770ನೆಯ ಆಜ್ಞೆಯನ್ನು ಹೊರಡಿಸಿದ. ನಾಲ್ಕು ಮಕ್ಕಳನ್ನು ಹಡೆಯದ, 45 ವರ್ಷ ದಾಟದ ಸ್ತ್ರೀಯರಿಗೆ, ಕೆಲವು ಸಂದರ್ಭಗಳನ್ನುಳಿದು, ಗರ್ಭಪಾತ ನಿಷಿದ್ಧವಾಯಿತು. ಆ ವರ್ಷ ಸುಮಾರು 2,74,000 ಇದ್ದ ಜನನಗಳು ಮರುವರ್ಷವೇ 5,28,000ಕ್ಕೆ ಏರಿದವು. ಹೆರಿಗೆಗೆ ಆಜ್ಞೆಯಿತ್ತು, ಸಾಕಲು ಅನ್ನವೆಲ್ಲಿತ್ತು? 1980ರ ದಶಕದಲ್ಲಂತೂ ಹೊರನಾಡಿನ ಸಾಲ ತೀರಿಸಲೆಂದು ಜನರ ಆಹಾರಕ್ಕೂ ಚಳಿಗಾಲದ ಉರುವಲಿಗೂ ಕತ್ತರಿ ಬಿತ್ತು. ದಿಕ್ಕುತೋಚದ ತಾಯಂದಿರು ಕೂಸುಗಳನ್ನು ಸರ್ಕಾರದ ಕೈಗಿಟ್ಟರು. ಅವರನ್ನು ನಿಂದಿಸುವುದು ಸುಲಭ. ನಮಗೆ ಆ ಮನಸ್ಸಿಲ್ಲ.

ಮುಂದಿನದು ಇನ್ನೂ ಕಠೋರ. 1970ರ 3ನೆಯ ಕಾನೂನಿನ ವ್ಯವಸ್ಥೆಯಲ್ಲಿ ಇಂಥ ಮಕ್ಕಳಿಗೆ ಮೂರು ವರ್ಷ ತುಂಬುತ್ತಲೇ ತೂರಿ, ಕೇರಿ, ಬೇರ್ಪಡಿಸುವ ಕ್ರಮವಿತ್ತು. ಗಟ್ಟಿಯಾದವರು ವಿದ್ಯಾ ಇಲಾಖೆಯ ಮಕ್ಕಳ ಮನೆಗೆ ಹೋದರು. ಊನವುಳ್ಳವರಲ್ಲಿ ಅನೇಕರ ಮೇಲೆ 'ಇರೆಕುಪೆರಾಬಿಲ್', ಎಂದರೆ ಸರಿಪಡಿಸಲಾಗದವನು, ಎಂಬ ಮುದ್ರೆ ಬಿತ್ತು. ಮೆಳ್ಳೆಗಣ್ಣು, ಸೀಳುದುಟಿ, ಸೊಟ್ಟಗಾಲು ಕೂಡ ಕೆಲವರಿಗೆ ಈ ಮುದ್ರೆಯನ್ನು ತಂದವು. ಅವರನ್ನು 'ಆಸ್ಪತ್ರೆ-ಮನೆ'ಗಳಿಗೆ ಸಾಗಿಸಿದರು. ದುಡಿಯಲಾರದವರೆಂದು ತಳ್ಳಿದ ಮಕ್ಕಳನ್ನು ಒಪ್ಪಿಸಿದ್ದು ಯಾರಿಗೆ? ಕಾರ್ಮಿಕ ಇಲಾಖೆಗೆ! ಬಿಹೋರ್ ಪ್ರಾಂತದ ಚಿಗಿದ್ ಎಂಬಲ್ಲಿ ಹಳೆಯ ಸಿರಿವಂತರ ಬೇಟೆಮನೆಯೊಂದನ್ನು 1987ರಲ್ಲಿ ಇಂಥದೇ ಕೆಲಸಕ್ಕೆ ತೆರೆದರು. ಎರಡೂವರೆ ವರ್ಷದೊಳಗೆ ಹಸಿವು, ಚಳಿ, ರೋಗಗಳಿಂದ ಅಲ್ಲಿ ನೂರಕ್ಕೂ ಮಿಕ್ಕಿ ಮಕ್ಕಳು ತೀರಿಕೊಂಡರು.

ದೇಶ ಬಡವಾಗಿತ್ತು, ಏನು ಮಾಡಲಾದೀತು ಎನ್ನುವವರುಂಟು. ನಾವು ಇದನ್ನು ಒಪ್ಪಲಾರೆವು. ಅದೇ ದಿನಗಳಲ್ಲಿ, 1984ರಿಂದ, ರಾಜಧಾನಿ ಬುಖಾರೆಸ್ಟಿನಲ್ಲಿ ಆತನ ಭಾರಿ ಅರಮನೆ ಏಳುತ್ತಿತ್ತು. ಅಮೃತಶಿಲೆಗೆ ಹಣವಿತ್ತು, ಕಂಬಳಿಗೆ ಇರಲಿಲ್ಲ.

1989ರ ಡಿಸೆಂಬರಿನಲ್ಲಿ ಆ ಆಳ್ವಿಕೆ ಉರುಳಿತು. ಲಕ್ಷಕ್ಕೂ ಮೇಲ್ಪಟ್ಟ ಮಕ್ಕಳು ಇಂಥ ಗೃಹಗಳಲ್ಲಿದ್ದುದು ಹೊರಬಿತ್ತು. ಇದಾದ ಹತ್ತು ವರ್ಷಗಳ ಮೇಲೆ ನೆಲ್ಸನ್, ಫಾಕ್ಸ್, ಝೀನಾ ಎಂಬ ಅಮೆರಿಕದ ಮೂವರು ವಿದ್ವಾಂಸರು ಬುಖಾರೆಸ್ಟಿನ ಆರು ಶಿಶುಗೃಹಗಳ 136 ಮಕ್ಕಳನ್ನು ಆರಿಸಿಕೊಂಡರು. ತೀವ್ರ ಹುಟ್ಟುದೋಷವುಳ್ಳ ಮಕ್ಕಳು ಈ ಲೆಕ್ಕದಲ್ಲಿ ಇರಲಿಲ್ಲ ಎಂಬುದನ್ನು ತಾವು ಗಮನಿಸಬೇಕು. ಚೀಟಿ ಎತ್ತಿದಂತೆ ಅರ್ಧದಷ್ಟು ಮಕ್ಕಳನ್ನು 56 ಸಾಕುಕುಟುಂಬಗಳಿಗೆ ಒಪ್ಪಿಸಿದರು. ಉಳಿದವರ ಪಾಲಿಗೆ ಇದ್ದ ವ್ಯವಸ್ಥೆಯೇ ಮುಂದುವರಿಯಿತು. ನಾಲ್ಕೂವರೆ ವರ್ಷದ ವಯಸ್ಸಿಗೆ ಬುದ್ಧಿಯ ಅಳತೆಯಲ್ಲಿ ಸಾಕುಮನೆಯವರ ಸರಾಸರಿ ಸುಮಾರು 81, ಉಳಿದವರದು 73. ಎರಡು ತುಂಬುವ ಮೊದಲೇ ಮನೆ ಸೇರಿದವರು ಇನ್ನೂ ಚೇತರಿಸಿಕೊಂಡಿದ್ದರು. ಮಿದುಳಿನ ಊನವನ್ನು ಹುಟ್ಟಿನಿಂದ ತಾರದ ಮಕ್ಕಳಿಗೂ ಆ ಗೃಹಗಳೇ ಊನವನ್ನು ತಂದೊಡ್ಡುತ್ತಿದ್ದವು! ಮಾತಾಡಿಸುವ, ಎತ್ತಿಕೊಳ್ಳುವ, ನಾಳೆಯೂ ಬರುವ ಒಂದು ಪರಿಚಿತ ಕೈ, ಇಷ್ಟೇ ಅಲ್ಲಿ ಕೊರತೆಯಾಗಿತ್ತು. ಹಾಗಿರಲು ಊನ ಹೊತ್ತೇ ಹುಟ್ಟಿ ಮುದ್ರೆ ಬಿದ್ದು ಹೋದ ಮಕ್ಕಳು ಕಳೆದುಕೊಂಡುದೆಷ್ಟೆಂದು ಯಾರು ಅಳೆದಾರು?

ರುಮೇನಿಯಾ ಈ ಪಾಠವನ್ನು ಕಲಿಯದೆ ಹೋಗಲಿಲ್ಲ. ಸಂಬಳ ಪಡೆದು ಪರರ ಮಗುವನ್ನು ಮನೆಯಲ್ಲಿ ಸಾಕುವ ತಾಯಂದಿರ ಪದ್ಧತಿ ಬೆಳೆಯಿತು. ಹಳೆಯ ಗೃಹಗಳು ಒಂದೊಂದಾಗಿ ಮುಚ್ಚಿದವು. 2004ರ 272ನೆಯ ಕಾನೂನು ಎರಡು ವರ್ಷದೊಳಗಿನ ಕೂಸನ್ನು ಇಂಥ ಗೃಹಗಳಿಗೆ ಸೇರಿಸುವುದನ್ನೇ ನಿಷೇಧಿಸಿತು. ಆದರೆ ಅದರಲ್ಲೊಂದು ವಿನಾಯಿತಿಯನ್ನು ಬರೆದಿದ್ದರು. ತೀವ್ರ ಅಂಗವೈಕಲ್ಯದಿಂದ ವಿಶೇಷ ಆರೈಕೆಯನ್ನೇ ನೆಚ್ಚಿರುವ ಕೂಸನ್ನು ಮಾತ್ರ ಆ ವಯಸ್ಸಿನಲ್ಲೂ ಸೇರಿಸಬಹುದಾಗಿತ್ತು.