ತಂತಿಯಲ್ಲಿ ನೇಯ್ದ ಕ್ರಮವಿಧಿ

1961ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಅಂತರಿಕ್ಷ ಸಂಸ್ಥೆಯಾದ ನಾಸಾ, ಅಪೊಲೊ ಎಂಬ ಚಂದ್ರಯಾನ ಯೋಜನೆಯ ಮಾರ್ಗದರ್ಶಕ ವ್ಯವಸ್ಥೆಯನ್ನು ರೂಪಿಸುವ ಹೊಣೆಯನ್ನು ಕೇಂಬ್ರಿಜ್ ನಗರದ ಎಂ.ಐ.ಟಿ. ವಿದ್ಯಾಸಂಸ್ಥೆಗೆ ಸೇರಿದ, ಚಾರ್ಲ್ಸ್ ಸ್ಟಾರ್ಕ್ ಡ್ರೇಪರರ ನೇತೃತ್ವದ ಉಪಕರಣ ಪ್ರಯೋಗಶಾಲೆಗೆ ವಹಿಸಿದಾಗ, ಆ ವ್ಯವಸ್ಥೆಯೊಳಗಿನ ಗಣಕಯಂತ್ರಕ್ಕೆ ಕ್ರಮವಿಧಿ ಬರೆಯುವುದೇ ಯಂತ್ರ ಕಟ್ಟುವಷ್ಟು ಕಠಿಣವಾದ ಕಾರ್ಯವಾದೀತೆಂದು ಯೋಜಕರಲ್ಲಿ ಬಹುಮಂದಿ ಎಣಿಸಿರಲಿಲ್ಲ. ತಂತ್ರಾಂಶ ನಿರ್ಮಾಣವು ಶಿಸ್ತುಬದ್ಧವಾದ ಶಾಸ್ತ್ರವಾಗಿ ಬೆಳೆದ ಬಗೆಯನ್ನು ತಿಳಿಯಬಯಸುವವರು ಆ ಪ್ರಯೋಗಶಾಲೆಯ ಮುಂದಿನ ಹತ್ತು ವರ್ಷಗಳನ್ನು ಅವಶ್ಯವಾಗಿ ನೋಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಆ ಗಣಕದ ಸ್ಥಿರಸ್ಮೃತಿ ಅಕ್ಷರಶಃ ನೇಯ್ಗೆಯ ಕೆಲಸವಾಗಿತ್ತು. ಅಯಸ್ಕಾಂತೀಯ ಗುಣವುಳ್ಳ ಸಣ್ಣ ಉಂಗುರದ ಒಳಗೆ ತಂತಿ ಹಾಯ್ದರೆ ಒಂದು, ಹೊರಗೆ ಹಾಯ್ದರೆ ಸೊನ್ನೆ. ಹೀಗೆ ವಾಲ್ಥಮ್ ಊರಿನ ರೇಥಿಯಾನ್ ಕಾರ್ಖಾನೆಯಲ್ಲಿ, ಸೂಜಿ ಹಿಡಿದ ಹೆಂಗಸರು ಒಂದೊಂದೇ ಎಳೆಯನ್ನು ಹಾಯಿಸಿ 36,864 ಪದಗಳಷ್ಟು ಆದೇಶಗಳನ್ನು ಹಗ್ಗದಂತೆ ಹೆಣೆಯುತ್ತಿದ್ದರು. ಯಾನದ ವೇಳೆ ಬರೆದು ಅಳಿಸಲು ಉಳಿದಿದ್ದ ಸ್ಥಳ 2,048 ಪದಗಳು ಮಾತ್ರ. ಒಮ್ಮೆ ನೇಯ್ದ ಆದೇಶವನ್ನು ಬದಲಿಸುವುದೆಂದರೆ ನೇಯ್ದದ್ದನ್ನು ಬಿಚ್ಚುವುದೇ ಆದುದರಿಂದ, ಉಡ್ಡಯನಕ್ಕೆ ತಿಂಗಳುಗಳು ಉಳಿದಿರುವಾಗಲೇ ಬರವಣಿಗೆಯನ್ನು ಮುಗಿಸಿ ಮುದ್ರೆಯೊತ್ತಬೇಕಾಗಿತ್ತು. ಪ್ರತಿಯೊಂದು ಕ್ರಮವಿಧಿಯನ್ನೂ ದೊಡ್ಡ ಗಣಕಗಳ ಮೇಲೆ ಯಾನದ ಅನುಕರಣೆ ನಡೆಸಿ ಮತ್ತೆ ಮತ್ತೆ ಪರೀಕ್ಷಿಸುವ ಪದ್ಧತಿಯೂ, ನಾಸಾದ ಹ್ಯೂಸ್ಟನ್ ಕೇಂದ್ರದ ಮಂಡಲಿಯೊಂದರ ಒಪ್ಪಿಗೆಯಿಲ್ಲದೆ ತಿದ್ದುಪಡಿ ಸೇರಿಸಬಾರದೆಂಬ ನಿಯಮವೂ ಆ ಕಾಲದಲ್ಲಿ ಬೇರೂರಿದವು. 1966ರಲ್ಲಿ ಆದೇಶಗಳು ಸ್ಮೃತಿಯ ಮಿತಿಯನ್ನು ಮೀರಿದಾಗ, ನಾಸಾದ ಬಿಲ್ ಟಿಂಡಾಲ್ ಪ್ರಯೋಗಶಾಲೆಗೆ ಬಂದು, ಪ್ರಿಯವಾದ ಎಷ್ಟೋ ಅಂಶಗಳನ್ನು ನಿರ್ದಾಕ್ಷಿಣ್ಯವಾಗಿ ತೆಗೆಸಿದರು.

ಆದರೆ ಎಷ್ಟೇ ಪರೀಕ್ಷಿಸಿದರೂ ದೋಷ ಉಳಿದೀತು, ಮನುಷ್ಯನ ಕೈ ತಪ್ಪೀತು ಎಂಬುದನ್ನು ಒಪ್ಪಿಕೊಂಡು ಬರೆದದ್ದರಲ್ಲಿಯೇ ಈ ಜನರ ನಿಜವಾದ ಹಿರಿಮೆಯಿದೆ. ಕ್ರಮವಿಧಿಕಾರರಲ್ಲಿ ಪ್ರಮುಖರಾಗಿದ್ದ ಮಾರ್ಗರೆಟ್ ಹ್ಯಾಮಿಲ್ಟನ್ನರ ಪುಟ್ಟ ಮಗಳು ಅನುಕರಣ ಯಂತ್ರದ ಕೀಲಿಗಳನ್ನು ಒತ್ತುತ್ತಾ, ಯಾನದ ನಡುವೆ ಉಡ್ಡಯನಪೂರ್ವದ ಕ್ರಮವಿಧಿಯನ್ನು ಕರೆದು ಇಡೀ ವ್ಯವಸ್ಥೆಯನ್ನೇ ಕೆಡವಿಬಿಟ್ಟಳು. ಇದಕ್ಕೊಂದು ತಡೆಯಿರಲೆಂದು ತಾಯಿ ಕೇಳಿದರೆ, ತರಬೇತಾದ ಗಗನಯಾತ್ರಿಗಳು ಅಂಥ ತಪ್ಪು ಮಾಡರೆಂಬ ಉತ್ತರ ಬಂತು. 1968ರ ಡಿಸೆಂಬರಿನಲ್ಲಿ, ಅಪೊಲೊ 8 ಚಂದ್ರನನ್ನು ಸುತ್ತಿ ಮರಳುತ್ತಿದ್ದಾಗ, ಅನುಭವಿ ಗಗನಯಾತ್ರಿಯಾದ ಜಿಮ್ ಲವೆಲ್ಲರೇ ಅದೇ ಕ್ರಮವಿಧಿಯನ್ನು ಕರೆದುಬಿಟ್ಟರು. ನೌಕೆಯ ದಿಕ್ಕಿನ ಲೆಕ್ಕ ಅಳಿಸಿಹೋಗಿ, ನಕ್ಷತ್ರಗಳನ್ನು ನೋಡಿ ಅದನ್ನು ಮತ್ತೆ ಸ್ಥಾಪಿಸಬೇಕಾಯಿತು.

ಆದರೂ ತಪ್ಪನ್ನು ತಾಳಿಕೊಳ್ಳುವ ಏರ್ಪಾಡು ಗಣಕದ ಒಳಗೇ ಇತ್ತು. ಪ್ರಯೋಗಶಾಲೆಯ ಹ್ಯಾಲ್ ಲೇನಿಂಗ್ ರೂಪಿಸಿದ್ದ ಕಾರ್ಯನಿರ್ವಾಹಕ ಕ್ರಮವಿಧಿಯು ಪ್ರತಿಯೊಂದು ಕೆಲಸಕ್ಕೂ ಅದರ ಮಹತ್ವಕ್ಕೆ ತಕ್ಕ ಆದ್ಯತೆಯನ್ನು ಕೊಟ್ಟು ನಡೆಸುತ್ತಿತ್ತು. ಗಣಕ ಮಧ್ಯದಲ್ಲಿ ನಿಂತು ಮತ್ತೆ ಆರಂಭವಾದರೆ, ಮುಖ್ಯವಾದ ಕೆಲಸಗಳು ಕಾಪಿಟ್ಟ ಕೊನೆಯ ಸ್ಥಿತಿಯಿಂದ ಮುಂದುವರಿಯುವಂತೆ ಸಹ ಬರೆಯಲಾಗಿತ್ತು. 1969ರ ಜುಲೈ 20ರಂದು ಅಪೊಲೊ 11 ಇಳಿಯುತ್ತಿದ್ದಾಗ, ಆ ಹೊತ್ತಿಗೆ ಬೇಕಾಗಿರದಿದ್ದ ರೆಡಾರೊಂದರ ನಿರರ್ಥಕ ಸಂಕೇತಗಳು ಗಣಕದ ಕಾಲವನ್ನು ಕಬಳಿಸಿ, 1202 ಎಂಬ ಎಚ್ಚರಿಕೆ ಫಲಕದ ಮೇಲೆ ಮೂಡಿತು. ಗಣಕ ಮಾಡಿದ್ದಿಷ್ಟೇ: ಅಪ್ರಧಾನವಾದ ಕೆಲಸಗಳನ್ನು ಬಿಟ್ಟುಬಿಟ್ಟು, ಇಳಿಯುವ ಲೆಕ್ಕವನ್ನು ಮಾತ್ರ ಕೈಬಿಡದೆ ನಡೆಸಿತು. ಹ್ಯೂಸ್ಟನ್ನಿನ ನಿಯಂತ್ರಣ ಕೇಂದ್ರದಲ್ಲಿ ಮಾರ್ಗದರ್ಶನ ಅಧಿಕಾರಿಯಾಗಿದ್ದ ಸ್ಟೀವ್ ಬೇಲ್ಸ್ ಮುಂದುವರಿಯಲು ಒಪ್ಪಿಗೆ ಕೊಡುವ ಧೈರ್ಯ ತಾಳಿದ್ದೂ ಅಕಸ್ಮಾತ್ತಾಗಿ ಅಲ್ಲ. ಆ ತಿಂಗಳ ಆರಂಭದ ಅನುಕರಣೆಯೊಂದರಲ್ಲಿ ಇಂಥದೇ ಎಚ್ಚರಿಕೆಗೆ ಬೆದರಿ ಯಾನವನ್ನು ಅನಾವಶ್ಯಕವಾಗಿ ರದ್ದುಮಾಡಿದ ಮೇಲೆ, ಜ್ಯಾಕ್ ಗಾರ್ಮನ್ ಎಂಬ ತರುಣ ಎಲ್ಲ ಎಚ್ಚರಿಕೆಗಳಿಗೂ ಕೈಬರಹದ ಪಟ್ಟಿಯೊಂದನ್ನು ಸಿದ್ಧಪಡಿಸಿಟ್ಟುಕೊಂಡಿದ್ದ. ಮೇಜಿನ ಗಾಜಿನಡಿಯಲ್ಲಿದ್ದ ಆ ಒಂದು ಹಾಳೆಯನ್ನು ನಾನು ಗಣಕದ ಆದೇಶಗಳಷ್ಟೇ ಗೌರವದಿಂದ ನೆನೆಯುತ್ತೇನೆ.

1971ರ ಫೆಬ್ರವರಿಯಲ್ಲಿ ಅಪೊಲೊ 14ರ ಇಳಿನೌಕೆಯಲ್ಲಿ, ಇಳಿತವನ್ನು ರದ್ದುಮಾಡುವ ಗುಂಡಿಯು ಯಾರೂ ಮುಟ್ಟದಿದ್ದರೂ ಆಗಾಗ ಸಂಕೇತ ನೀಡತೊಡಗಿತು. ಇಳಿಯುವಾಗಲೂ ಹಾಗೆಯೇ ಆದರೆ ನೌಕೆ ತಾನೇ ಮೇಲಕ್ಕೆ ಹಾರಿಬಿಡುತ್ತಿತ್ತು. ನೇಯ್ದ ಆದೇಶವನ್ನು ಬದಲಿಸುವಂತಿರಲಿಲ್ಲ. ಪ್ರಯೋಗಶಾಲೆಯ ಡಾನ್ ಐಲ್ಸ್, ಉಳಿದಿದ್ದ ಕೆಲವೇ ಗಂಟೆಗಳಲ್ಲಿ, ರದ್ದತಿ ಈಗಾಗಲೇ ನಡೆಯುತ್ತಿದೆಯೆಂದು ಗಣಕ ಭಾವಿಸಿ ಆ ಗುಂಡಿಯನ್ನು ಕಡೆಗಣಿಸುವಂತೆ, ಅಳಿಸಬಹುದಾದ ಸ್ಮೃತಿಯಲ್ಲಿ ಮಾಡಬೇಕಾದ ಬದಲಾವಣೆಗಳನ್ನು ಬರೆದುಕೊಟ್ಟರು. ಅನುಕರಣೆಯಲ್ಲಿ ಪರೀಕ್ಷಿಸಿ ಮೇಲಕ್ಕೆ ಓದಿಹೇಳಿದ ಆ ಸಂಖ್ಯೆಗಳನ್ನು ನೌಕೆಯಲ್ಲಿದ್ದ ಎಡ್ಗರ್ ಮಿಚೆಲ್ ಕೀಲಿಫಲಕದ ಮೇಲೆ ಕೈಯಾರೆ ಒತ್ತಿದರು. ಅವರೂ ಜೊತೆಗಿದ್ದ ಅಲನ್ ಶೆಪರ್ಡರೂ ಚಂದ್ರನ ಫ್ರಾ ಮೌರೊ ಪ್ರದೇಶದಲ್ಲಿ ಸುರಕ್ಷಿತವಾಗಿ ಇಳಿದರು.