ಪಿನ್‌ಬಾಲ್: ಆಟವೋ, ಜೂಜೋ?

ರಾಯಚೂರಿನ ಆಚೆ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆ ಸಣ್ಣ ಪಿನ್‌ಬಾಲ್ ಪಾರ್ಲರ್ ಹಾಕಬೇಕೆಂದು ನಮ್ಮ ಕುಟುಂಬದ ಹುಡುಗನೊಬ್ಬ ಲೆಕ್ಕ ಹಾಕುತ್ತಿದ್ದಾನೆ. ಹಿರಿಯರ ಮೊದಲ ಪ್ರಶ್ನೆ: "ಇದು ಜೂಜಲ್ಲವಾ ಮೋನೆ?" ಈ ಪ್ರಶ್ನೆಗೆ ದೊಡ್ಡ ಚರಿತ್ರೆಯೇ ಇದೆ.

1931ರಲ್ಲಿ ಅಮೆರಿಕದಲ್ಲಿ ಬಂದ 'ಬ್ಯಾಫಲ್ ಬಾಲ್' ಯಂತ್ರದಲ್ಲಿ ಸ್ಪ್ರಿಂಗ್ ಎಳೆದು ಗುಂಡು ಬಿಟ್ಟರೆ ಮುಗಿಯಿತು, ಉಳಿದದ್ದು ಹೆಚ್ಚಾಗಿ ಅದೃಷ್ಟ. ಜನ ಅದರ ಮೇಲೆ ದುಡ್ಡು ಕಟ್ಟತೊಡಗಿದರು. 1942ರಲ್ಲಿ ನ್ಯೂಯಾರ್ಕ್ ನಗರ ಪಿನ್‌ಬಾಲ್ ನಿಷೇಧಿಸಿತು. ಮೇಯರ್ ಲಾಗಾರ್ಡಿಯಾ ಸ್ವತಃ ಸುತ್ತಿಗೆ ಹಿಡಿದು ಯಂತ್ರ ಒಡೆದರು. 1947ರ 'ಹಂಪ್ಟಿ ಡಂಪ್ಟಿ'ಯಲ್ಲಿ ಫ್ಲಿಪ್ಪರ್ ಬಂದ ಮೇಲೆ ಗುಂಡು ಆಟಗಾರನ ಕೈಗೆ ಸಿಕ್ಕಿತು. 1976ರಲ್ಲಿ ರೋಜರ್ ಶಾರ್ಪ್ ನಗರ ಸಮಿತಿಯ ಎದುರು ಗುಂಡು ಹೋಗುವ ದಾರಿ ಮೊದಲೇ ಹೇಳಿ, ಹಾಗೆಯೇ ಹೊಡೆದು ತೋರಿಸಿದರು. ನಿಷೇಧ ತೆರವಾಯಿತು.

ನಮ್ಮ ದೇಶದಲ್ಲೂ ಇದೇ ವಾದ ನಡೆದಿದೆ. ಸಿಕಂದರಾಬಾದಿನ ಕ್ಲಬ್ಬೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1967ರಲ್ಲಿ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟ ಎಂದಿತು. ಆದರೆ ತೆಲಂಗಾಣ ತನ್ನ 1974ರ ಗೇಮಿಂಗ್ ಕಾಯ್ದೆಯನ್ನು 2017ರಲ್ಲಿ ತಿದ್ದಿ, ಹಣ ಪಣಕ್ಕಿಟ್ಟರೆ ಕೌಶಲದ ಆಟವೂ ಜೂಜೇ ಎಂದಿತು.

ಆದ್ದರಿಂದ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: ಆಡಲು ಶುಲ್ಕ ತೆಗೆದುಕೋ, ಗೆದ್ದವನಿಗೆ ದುಡ್ಡು ಕೊಡಬೇಡ. ಹೆಚ್ಚು ಸ್ಕೋರ್ ಮಾಡಿದವನ ಹೆಸರು ಗೋಡೆಗೆ ಬರೆ. ಯಂತ್ರ ಖರೀದಿಸುವ ಮೊದಲು ವಕೀಲರೊಬ್ಬರನ್ನು ಕೇಳು.